ಹಾರ್ಮೋನಿಲ್ಲದ ತಟ್ಟೆ

ನನ್ನ ಜೀನ್ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಎಂಬತ್ತರ ದಶಕದ ನಡುವಿನ ಒಂದು ವರ್ಷ ನಾನು ಪಟ್ಟ ಪಾಡನ್ನೆಲ್ಲ ಈ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಹಾರ್ಮೋನು ಕೊಟ್ಟರೆ ಎದ್ದು ಕೆಲಸ ಮಾಡಬೇಕು, ಕೊಡದಿದ್ದರೆ ಬಾಯಿ ಮುಚ್ಚಿಕೊಂಡು ಬಿದ್ದಿರಬೇಕು; ನಾನು ಅದರಿಂದ ಬಯಸಿದ್ದು ಇಷ್ಟೇ. ಅದೋ, ಕೊಟ್ಟರೂ ಕೆಲಸ ಮಾಡುತ್ತಿತ್ತು, ಕೊಡದಿದ್ದರೂ ಮಾಡುತ್ತಿತ್ತು. ಯಾರೂ ಹೇಳದೆ ಮದುವೆಮನೆಯಲ್ಲಿ ಸೌಟು ಹಿಡಿದು ಬಡಿಸಲು ನಿಲ್ಲುವವರಿರುತ್ತಾರಲ್ಲ, ಅಂಥ ಉತ್ಸಾಹ ಅದರದ್ದು.

ಈ ಹುಚ್ಚು ನನಗೆ ಹತ್ತಿದ್ದು ಕೊಯಿಲದಲ್ಲಿ. ಎಪ್ಪತ್ತರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮನ್ನು ಒಂದು ದಿನ ಅಲ್ಲಿನ ಜಾನುವಾರು ಫಾರ್ಮ್ ತೋರಿಸಲು ಕರೆದುಕೊಂಡು ಹೋಗಿದ್ದರು. ಗುಡ್ಡದ ಮೇಲೆ ಹುಲ್ಲು, ಹುಲ್ಲಿನ ಮೇಲೆ ದನ, ಕೊಟ್ಟಿಗೆಯಲ್ಲಿ ಆಗಷ್ಟೇ ಕರು ಹಾಕಿದ ಒಂದು ಕಡಸು. ನಿನ್ನೆಯವರೆಗೆ ಒಂದು ತೊಟ್ಟು ಇಲ್ಲದ ಹಾಲು ಇವತ್ತು ಎಲ್ಲಿಂದ ಬಂತು ಎಂದು ನಾನು ಮೇಷ್ಟರನ್ನು ಕೇಳಿದೆ. "ಹಾಲು ಮಾಡುವ ವಿದ್ಯೆ ಅದಕ್ಕೆ ಹುಟ್ಟುವಾಗಲೇ ಉಂಟು. ಹಾರ್ಮೋನು ಬಂದು ಹೇಳುವವರೆಗೆ ಸುಮ್ಮನೆ ಇರ್ತದೆ, ಅಷ್ಟೆ" ಎಂದರು ಮೇಷ್ಟ್ರು. ಅವರು ಮುಂದಿನ ಕೊಟ್ಟಿಗೆಗೆ ಹೋದರು, ನಾನು ಅಲ್ಲೇ ನಿಂತೆ. ಗೊತ್ತಿದ್ದೂ ಸುಮ್ಮನಿರುವುದು ನನಗೆ ಯಾವತ್ತೂ ಸಾಧ್ಯವಾಗಿಲ್ಲ. ಇಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಹುಲ್ಲು ಮೇಯುವ ಪ್ರಾಣಿಯ ಮೇಲೆ ನನಗೆ ಅವತ್ತು ವಿಪರೀತ ಗೌರವ ಹುಟ್ಟಿತು. ಬಸ್ಸು ಹೊರಡುವಾಗ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಅಲ್ಲಿಂದ ಹತ್ತು ವರ್ಷದೊಳಗೆ ನಾನು ಘಟ್ಟದ ಮೇಲಿನ ಒಂದು ಸಂಶೋಧನಾಲಯದಲ್ಲಿ ಅದೇ ಪ್ರಶ್ನೆ ಹಿಡಿದು ಕೂತಿದ್ದೆ. ಕೆಲಸ ಹೀಗೆ. ಹಾರ್ಮೋನು ಬಂದಾಗ ಮಾತ್ರ ಜೀನನ್ನು ಎಬ್ಬಿಸುವ ಡಿಎನ್‌ಎ ತುಂಡೊಂದಿರುತ್ತದೆ, ಸ್ವಿಚ್ ಎಂದಿಟ್ಟುಕೊಳ್ಳಿ. ಆ ಸ್ವಿಚ್ಚನ್ನು ಕತ್ತರಿಸಿ ತೆಗೆದು, ಅದರ ಹಿಂದೆ ಬ್ಯಾಕ್ಟೀರಿಯಾದ ಒಂದು ಜೀನನ್ನು ಅಂಟಿಸುತ್ತಿದ್ದೆವು. ಎರಡನ್ನೂ ಒಟ್ಟಿಗೆ ಇಲಿಯ ಜೀವಕೋಶಗಳೊಳಗೆ ಸೇರಿಸುತ್ತಿದ್ದೆವು. ಬ್ಯಾಕ್ಟೀರಿಯಾದ್ದೇ ಯಾಕೆಂದರೆ ಅಂಥದ್ದು ಇಲಿಯಲ್ಲಿ ಹುಟ್ಟಿನಿಂದ ಇರುವುದಿಲ್ಲ. ಅದರ ಕೆಲಸ ಕಂಡಿತೆಂದರೆ ನಾವು ಹಾಕಿದ ಜೀನೇ ಎದ್ದಿದೆ ಎಂದು ಖಾತ್ರಿ. ಈ ಜೀನ್ ಎದ್ದರೆ ಕ್ಲೋರಾಂಫೆನಿಕಾಲ್ ಎಂಬ ಔಷಧಕ್ಕೆ ಒಂದು ಬಾಲ ಅಂಟಿಸುತ್ತದೆ, ಬಾಲ ಬಂದ ಔಷಧವನ್ನು ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಯಾಗಿ ಮೂಡಿಸಬಹುದು. ಚುಕ್ಕೆ ಇದ್ದರೆ ಜೀನ್ ಎದ್ದಿದೆ, ಇಲ್ಲದಿದ್ದರೆ ಮಲಗಿದೆ.

ಕೋಶದೊಳಗೆ ಜೀನ್ ಸೇರಿಸುವ ಆಟವಂತೂ ನನಗೆ ಪ್ರಾಣ. ಡಿಎನ್‌ಎಯನ್ನು ಕ್ಯಾಲ್ಸಿಯಂ ನೀರಿನಲ್ಲಿ ಬೆರೆಸಿ, ಫಾಸ್ಫೇಟ್ ಇರುವ ಇನ್ನೊಂದು ನೀರಿಗೆ ತೊಟ್ಟು ತೊಟ್ಟಾಗಿ ಬಿಡಬೇಕು. ಬಿಡುತ್ತ ಬಿಡುತ್ತ ಒಂದು ಗಾಜಿನ ನಳಿಗೆಯಿಂದ ಗುಳುಗುಳು ಎಂದು ಗಾಳಿ ಊದಬೇಕು. ಕೈ ಕೂಡಿ ಬಂದರೆ ಸುಣ್ಣದಂಥ ಸಣ್ಣ ಬಿಳಿ ಹುಡಿ ಮೂಡುತ್ತದೆ. ತಟ್ಟೆಯಲ್ಲಿರುವ ಕೋಶಗಳು ಹಸಿದವರಂತೆ ಆ ಹುಡಿಯನ್ನು ನುಂಗುತ್ತವೆ, ಅದರೊಟ್ಟಿಗೆ ನಮ್ಮ ಜೀನನ್ನೂ ನುಂಗುತ್ತವೆ. ಮೊದಲ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಹಾರ್ಮೋನು ಹಾಕಿದ ತಟ್ಟೆಯಲ್ಲಿ ಕಪ್ಪು ಚುಕ್ಕೆ, ಹಾಕದ ತಟ್ಟೆಯಲ್ಲಿ ಶುದ್ಧ ಖಾಲಿ. ಮೊದಲ ಫಿಲ್ಮ್ ತೊಳೆದ ದಿನ ನಾನು ಡಾರ್ಕ್‌ರೂಮಿನ ಬಾಗಿಲಿಗೆ ಹಣೆ ಚಚ್ಚಿಕೊಂಡು ಹೊರಗೆ ಓಡಿದ್ದೆ. ಹಣೆ ಊದಿತು, ಖುಷಿ ಊದಿದ್ದು ಅದಕ್ಕಿಂತ ಹೆಚ್ಚು.

ಮರುವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಊರಿಗೆ ಬಂದು ಹೋದ ಮೇಲೆ ಎಲ್ಲ ಕೆಟ್ಟಿತು. ಹಾರ್ಮೋನಿಲ್ಲದ ತಟ್ಟೆಯಲ್ಲೂ ಚುಕ್ಕೆ. ಎರಡನೇ ಸಲವೂ ಚುಕ್ಕೆ. ನೀರು ಬದಲಿಸಿದೆ, ಕೋಶ ಬದಲಿಸಿದೆ, ಡಿಎನ್‌ಎಯನ್ನು ಹೊಸದಾಗಿ ತಯಾರಿಸಿದೆ. ಕೋಶಗಳಿಗೆ ಹಾಕುವ ಸೀರಮ್ಮಿನಲ್ಲೇ ಹಾರ್ಮೋನು ಅಡಗಿರಬಹುದೆಂದು ಅದನ್ನು ಇದ್ದಿಲ ಹುಡಿಯಲ್ಲಿ ಎರಡೆರಡು ಸಲ ಸೋಸಿದೆ. ಬಾಟಲಿಗಳನ್ನು ನಾನೇ ಕೂತು ತಿಕ್ಕಿ ತಿಕ್ಕಿ ತೊಳೆದೆ. ಏನೂ ಪ್ರಯೋಜನವಿಲ್ಲ. ಕೊನೆಗೆ ನನ್ನ ಗೈಡ್ ಮೇಡಂ ಒಂದು ದಿನ ಸೆರಗು ಸಿಕ್ಕಿಸಿ, ತಮ್ಮದೇ ಬಾಟಲಿಗಳನ್ನಿಟ್ಟುಕೊಂಡು ತಾವೇ ಕೂತು ಮಾಡಿದರು. ಅವರ ತಟ್ಟೆಯಲ್ಲಿ ಜೀನ್ ತೆಪ್ಪಗೆ ಮಲಗಿತ್ತು.

ಅದಕ್ಕಿಂತ ದೊಡ್ಡ ಅವಮಾನ ನನಗೆ ಆಗಿಲ್ಲ. ಲ್ಯಾಬಿನಲ್ಲಿ ಎಲ್ಲರೂ "ನಿನ್ನ ಕೈಗುಣ ಮಾರಾಯ್ತಿ" ಎಂದು ನಕ್ಕರು. ಮೇಡಂ ನಗಲಿಲ್ಲ. ಅವರು ಘಟ್ಟದ ಮೇಲಿನವರು, ಕಡಿಮೆ ಮಾತಿನವರು. "ಹದಿನೈದು ದಿನ ಊರಿಗೆ ಹೋಗಿ ಬಾ. ಬರುವಾಗ ಇದಕ್ಕೆ ಒಂದು ಕಾರಣ ಹುಡುಕಿ ತಂದರೆ ಕೆಲಸ ನಿನ್ನದೇ. ಇಲ್ಲದಿದ್ದರೆ ಈ ಪ್ರಾಬ್ಲೆಮ್ಮನ್ನು ಹೊಸದಾಗಿ ಸೇರಿದ ಹುಡುಗನಿಗೆ ಕೊಡ್ತೀನಿ" ಎಂದರು. ಕೊಯಿಲದ ಕೊಟ್ಟಿಗೆಯಿಂದ ಹಿಡಿದುಕೊಂಡು ಬಂದ ಪ್ರಶ್ನೆಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ! ಸಿಟ್ಟು, ಅಳು, ಹಸಿವು ಮೂರೂ ಒಟ್ಟಿಗೆ ಬಂದವು. ಮೂರರಲ್ಲಿ ಹಸಿವನ್ನು ಮಾತ್ರ ಹಾಸ್ಟೆಲ್ಲಿನಲ್ಲಿ ತೀರಿಸಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ.

ಅಪ್ಪನದು ಪುತ್ತೂರು ಪೇಟೆಯಲ್ಲಿ ಒಂದು ಮೆಡಿಕಲ್. ದಿನಾ ಬೆಳಗ್ಗೆ ಬೆಟ್ಟಂಪಾಡಿಯ ಮನೆಯಿಂದ ಬಸ್ಸಿನಲ್ಲಿ ಬಂದು ಬಾಗಿಲು ತೆರೆಯುತ್ತಿದ್ದರು. ಊರಿಗೆ ಅವರು ಅರ್ಧ ಡಾಕ್ಟರು. ಕೆಮ್ಮು ಎಂದವರಿಗೆ ಕೆಂಪು ಸಿರಪ್ಪು, ತುರಿಕೆ ಎಂದವರಿಗೆ ಟ್ಯೂಬು. ಕಾಯಿಲೆ ಹೇಳಿ ಮುಗಿಸುವ ಮೊದಲೇ ಅವರ ಕೈ ಶೆಲ್ಫಿನ ಮೇಲಿರುತ್ತಿತ್ತು. ನಾನು ಬಸ್ಸಿಳಿದು ಸೀದಾ ಅಲ್ಲಿಗೇ ಹೋದೆ, ಕೌಂಟರಿನ ಒಳಗೆ ಸ್ಟೂಲಿನ ಮೇಲೆ ಕೂತು ನನ್ನ ದುಃಖವನ್ನೆಲ್ಲ ತುಳುವಿನಲ್ಲಿ ತೋಡಿಕೊಂಡೆ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಗಂಭೀರವಾಗಿ ಕೇಳುತ್ತಿದ್ದವರು ಕ್ಲೋರಾಂಫೆನಿಕಾಲ್ ಎಂದ ಕೂಡಲೇ ಎದ್ದುನಿಂತರು.

"ಟೈಫಾಯ್ಡಿನ ಮಾತ್ರೆಯಾ? ನಮ್ಮ ಟೈಫಾಯ್ಡಿನ ಮಾತ್ರೆ?"

"ಹೌದಪ್ಪ, ಅದೇ."

"ಅದನ್ನು ಹಿಡ್ಕೊಂಡು ನೀವು ಇಷ್ಟು ದೊಡ್ಡ ಕೆಲಸ ಮಾಡುದಾ?"

ಅಷ್ಟೇ, ನನ್ನ ದುಃಖ ಗಾಳಿಗೆ ಹೋಯಿತು. ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಶೆಲ್ಫಿನಿಂದ ಒಂದು ಸ್ಟ್ರಿಪ್ ತೆಗೆದು ಅಂಗಡಿಗೆ ಬಂದವರಿಗೆಲ್ಲ ತೋರಿಸತೊಡಗಿದರು. "ಇದು ಉಂಟಲ್ಲ, ಇದಕ್ಕೆ ಬಾಲ ಅಂಟಿಸುದು ನನ್ನ ಮಗಳ ಕೆಲಸ" ಎಂದು, ತಲೆನೋವಿನ ಮಾತ್ರೆ ಕೇಳಲು ಬಂದ ಒಬ್ಬ ಬಡಪಾಯಿಗೆ ಹೇಳಿದರು. ಆತ ಗಾಬರಿಯಿಂದ, "ಬಾಲ ಯಾಕೆ ಮಾರಾಯ್ರೆ, ತಿಂದವರಿಗೆ ಎಂತ ಆಗ್ತದೆ?" ಎಂದ. ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ, ಆದರೂ "ಒಳ್ಳೇದೇ ಆಗ್ತದೆ" ಎಂದು ಧೈರ್ಯ ಹೇಳಿ ಕಳಿಸಿದರು. ಅಳಲೆಂದು ಬಂದಿದ್ದ ನಾನು ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮನೆಯಲ್ಲಿ ಅಮ್ಮ ನನ್ನ ಮುಖ ನೋಡಿದರು, ಕೈ ನೋಡಿದರು. "ನಾಡಿದ್ದು ಅಜ್ಜಾವರಕ್ಕೆ ಹೋಗಿ ಅಜ್ಜಿಯನ್ನು ನೋಡಿಕೊಂಡು ಬಾ. ಇಲ್ಲಿ ಕೂತು ತಲೆ ಕೆಡಿಸಿಕೊಳ್ಳುದು ಬೇಡ" ಎಂದರು. ಅಜ್ಜಾವರ ಅಮ್ಮನ ತವರು, ಸುಳ್ಯದ ಹತ್ತಿರ. ಬೆಟ್ಟಂಪಾಡಿಯಲ್ಲಿ ತುಳು ಮಾತಾಡುವ ನಾವು ಅಲ್ಲಿ ಕಾಲಿಟ್ಟ ಕೂಡಲೇ ಅರೆಭಾಷೆಗೆ ತಿರುಗಬೇಕು. ಅಜ್ಜಿಗೆ ಬೇರೆ ಭಾಷೆ ಗೊತ್ತಿಲ್ಲವೆಂದಲ್ಲ, ಬೇರೆ ಭಾಷೆಯಲ್ಲಿ ಕರೆದರೆ ಓಗೊಡುವುದಿಲ್ಲ. ಆಕೆಯ ಮಾತನ್ನೂ ನಾನು ಮುಕ್ಕಾಲು ಪಾಲು ಕನ್ನಡ ಮಾಡಿಯೇ ಬರೆಯಬೇಕು.

"ಎಂತ ಆತ್ ಕುಞ್ಞಿ ಕೈಗೆ?" ಮಗೂ, ಕೈ ಇನ್ನೂ ಗುಣವಾಗಲಿಲ್ಲವಾ ಎಂಬಂತೆ, ನಾನು ಜಗಲಿ ಹತ್ತುವ ಮೊದಲೇ ಅಜ್ಜಿ ಕೇಳಿದರು.

ಕೈಗೆ ಆದದ್ದು ಇಷ್ಟು. ಬಿಸುವಿಗೆ ಬಂದಿದ್ದಾಗ ಇದೇ ಅಜ್ಜಿ ಮನೆಯ ಹಿಂದೆ ಗಾಳಿಗೆ ಮುರಿದುಬಿದ್ದ ಒಂದು ಕೊಂಬೆಯನ್ನು ನಾನು ಎತ್ತಿಕೊಂಡು, ಎಲೆ ತಿರುಗಿಸಿ, ಅದರ ಲ್ಯಾಟಿನ್ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದ್ದೆ. ಹೆಸರು ಸರಿಯಾಗಿಯೇ ಇತ್ತು. ಅದು ಚೇರೆ ಮರ. ಅದರ ಸೊನೆ ಮೈಗೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆಂದು ಊರಿನ ಎಳೆ ಮಕ್ಕಳಿಗೂ ಗೊತ್ತು. ಲ್ಯಾಟಿನ್ ಬಲ್ಲ ನನಗೊಬ್ಬಳಿಗೆ ಮರೆತುಹೋಗಿತ್ತು. ಎರಡು ಕೈಯೂ ಮೊಣಕೈವರೆಗೆ ಊದಿ ಕೆಂಪಾದವು. ಚೇರೆಗೆ ನಮ್ಮ ಕಡೆ ಒಂದೇ ಮದ್ದು. ತಾರೆ ಮರಕ್ಕೆ ಮೂರು ಸುತ್ತು ಬಂದು, ಅದರ ಕೆತ್ತೆ, ಎಂದರೆ ತೊಗಟೆ, ಬೇಯಿಸಿದ ನೀರಿನಲ್ಲಿ ಕೈ ತೊಳೆಯಬೇಕು. ಅಜ್ಜಿ ಹೇಳಿದರು, ನಾನು ನಕ್ಕೆ. ಆ ಕೆತ್ತೆಯಲ್ಲಿ ಏನಿದೆ, ಮರ ಸುತ್ತಿ ಗುಣವಾಗುವ ಕಾಯಿಲೆಯನ್ನು ಯಾವ ಪುಸ್ತಕದಲ್ಲಿ ಓದಿದ್ದೀರಿ ಎಂದು ಕೇಳಿ, ಪುತ್ತೂರಿಗೆ ಹೋಗಿ ಅಪ್ಪನ ಅಂಗಡಿಯಿಂದ ಒಂದು ಟ್ಯೂಬು ತೆಗೆದು ಹಚ್ಚಿಕೊಂಡೆ. ಮೂರೇ ದಿನಕ್ಕೆ ಬೊಕ್ಕೆ ಮಾಯ! ಹಚ್ಚುವುದು ಬಿಟ್ಟರೆ ಮತ್ತೆ ತುರಿಕೆ, ಹಚ್ಚಿದರೆ ಮತ್ತೆ ಮಾಯ. ಹೀಗಾಗಿ ಬಿಡಲೇ ಇಲ್ಲ. ಅಪ್ಪ ಪ್ರೀತಿಯಿಂದ ಕಟ್ಟಿಕೊಟ್ಟ ಟ್ಯೂಬುಗಳು ನನ್ನ ಜೊತೆ ಘಟ್ಟ ಹತ್ತಿದವು. ಮುಗಿದ ಹಾಗೆ ಪಾರ್ಸೆಲ್ಲಿನಲ್ಲಿ ಇನ್ನಷ್ಟು ಬಂದವು.

"ಆರು ತಿಂಗಳಾಯ್ತು, ಇನ್ನೂ ಹೋಗಲಿಲ್ಲ. ಆ ಟ್ಯೂಬನ್ನು ಇಲ್ಲಿ ಕೊಡು" ಎಂದರು ಅಜ್ಜಿ.

"ಟ್ಯೂಬು ಎಂತ ಮಾಡಿದೆ ಅಜ್ಜಿ? ಅದು ಮದ್ದು."

"ಅದರಲ್ಲಿ ಎಂತ ಉಂಟು? ತಾರೆ ಕೆತ್ತೆಯಲ್ಲಿ ಎಂತ ಉಂಟೂಂತ ನೀನು ನನ್ನನ್ನು ಕೇಳಿದ್ದಿ. ಈಗ ನಾನು ಕೇಳ್ತೇನೆ, ಹೇಳು. ಇದರಲ್ಲಿ ಎಂತ ಉಂಟು?"

ನ್ಯಾಯವಾದ ಪ್ರಶ್ನೆ. ನಾನು ಗತ್ತಿನಿಂದಲೇ ಟ್ಯೂಬನ್ನು ಬೆಳಕಿಗೆ ಹಿಡಿದು, ಇರುವೆ ಕಾಲಿನಷ್ಟು ಸಣ್ಣ ಅಕ್ಷರಗಳನ್ನು ಓದತೊಡಗಿದೆ. ಅಜ್ಜಿಗೆ ಪಾಠ ಮಾಡುವ ದನಿಯಲ್ಲಿ, ಬಿಡಿಬಿಡಿಯಾಗಿ, ಬೀಟಾ, ಮೆಥಾ, ಸೋನ್ ಎಂದೆ.

ಮತ್ತೆ ಮೊದಲಿನಿಂದ ಅದನ್ನೇ ಓದಿದೆ.

ಲ್ಯಾಬಿನಲ್ಲಿ ನನ್ನ ಜೀನನ್ನು ಎಬ್ಬಿಸಲು ನಾನು ಹಾಕುತ್ತಿದ್ದ ಹಾರ್ಮೋನಿನ ಹೆಸರು ಡೆಕ್ಸಾಮೆಥಾಸೋನ್. ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಕೊಂಡಿ ಈ ಬದಿಗೆ ತಿರುಗಿದೆಯೋ ಆ ಬದಿಗೆ ತಿರುಗಿದೆಯೋ ಎಂಬುದು ಮಾತ್ರ. ಇಬ್ಬರೂ ಒಡಹುಟ್ಟಿದವರು. ಹಾರ್ಮೋನಿಲ್ಲದ ತಟ್ಟೆ ಎಂದು ಚೀಟಿ ಅಂಟಿಸಿ, ಆರು ತಿಂಗಳಿಂದ ಹಾರ್ಮೋನು ಮೆತ್ತಿದ ಕೈಯಲ್ಲಿ ಅದನ್ನು ಎತ್ತಿದ್ದೆ, ಇಟ್ಟಿದ್ದೆ, ಅದರ ಬಾಟಲಿ ತೊಳೆದಿದ್ದೆ! ತೊಳೆದಷ್ಟೂ ಮೆತ್ತಿದ್ದೆ! ಕೈಗವಸು ಆಗ ನಮ್ಮಲ್ಲಿ ಅಪರೂಪದ ವಸ್ತು. ಎಲ್ಲವನ್ನೂ ಬದಲಿಸಿದ್ದ ನಾನು ನನ್ನ ಎರಡು ಕೈಗಳನ್ನು ಬದಲಿಸಿರಲಿಲ್ಲ. ಮೇಡಂ ಕೈಯಲ್ಲಿ ಜೀನ್ ಯಾಕೆ ಮಲಗಿತ್ತು? ಅವರಿಗೆ ಚೇರೆ ತಾಗಿರಲಿಲ್ಲ, ಅಷ್ಟೆ.

ನಾನು ಅಜ್ಜಿಯನ್ನು ತಬ್ಬಿಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿಸಿದೆ. "ಬಿಡು, ಬಿಡು, ನನ್ನ ಸೊಂಟ!" ಎಂದು ಅಜ್ಜಿ ಕೂಗಿದರು. ನಗು ನಿಲ್ಲದೆ ನನಗೆ ಬಿಕ್ಕಳಿಕೆ ಹತ್ತಿತು. ಬಿಕ್ಕುತ್ತಲೇ ಅಜ್ಜಿಗೆ ಎಲ್ಲ ವಿವರಿಸಿದೆ. ಗಾಳಿ ಊದುವುದು, ಬಿಳಿ ಹುಡಿ, ಇಲಿಯ ಕೋಶ, ಕಪ್ಪು ಚುಕ್ಕೆ, ಒಂದನ್ನೂ ಬಿಡಲಿಲ್ಲ. ಅಜ್ಜಿ ತಾಳ್ಮೆಯಿಂದ ಕೇಳಿ, ಬಾಯಿಯ ಎಲೆಯಡಿಕೆ ಉಗಿದು ಬಂದು, "ಅಂತೂ ಟ್ಯೂಬು ಬೇಡಾಂತ ನಾನು ಹೇಳಿದ್ದು ಸರಿ" ಎಂದರು. ಅಷ್ಟಕ್ಕೆ ಬಿಡಲಿಲ್ಲ. ನನ್ನನ್ನು ಹೊಳೆಯ ಬದಿಯ ತಾರೆ ಮರದವರೆಗೆ ಎಳೆದುಕೊಂಡು ಹೋಗಿ, ಮೂರು ಸುತ್ತು ಹಾಕಿಸಿದರು. ವಿಜ್ಞಾನದ ಮರ್ಯಾದೆಗಾಗಿ ನಾನು ಒಂದಿಷ್ಟು ಗೊಣಗಿದೆ, ಆದರೆ ಸುತ್ತು ಎಣಿಸುವಾಗ ಮೋಸ ಮಾಡಲಿಲ್ಲ. ಅವತ್ತಿನ ಖುಷಿಗೆ ಮೂವತ್ತು ಸುತ್ತು ಹಾಕು ಎಂದಿದ್ದರೂ ಹಾಕುತ್ತಿದ್ದೆ.

ಮರುದಿನ ಬೆಳಗ್ಗೆ ಸುಳ್ಯದ ಅಂಚೆ ಕಚೇರಿಯಲ್ಲಿ ಮೇಡಂಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನು ಸಿಗುವಾಗ ಮಧ್ಯಾಹ್ನ ಸಮೀಪಿಸಿತ್ತು. ಲೈನಿನಲ್ಲಿ ಗಾಳಿ ಮಳೆಯಂಥ ಸದ್ದು. ಮೆಲ್ಲಗೆ ಹೇಳಿದರೆ ಆ ಕಡೆಗೆ ಮುಟ್ಟುವುದಿಲ್ಲ, ಜೋರಾಗಿ ಹೇಳಿದರೆ ಇಡೀ ಅಂಚೆ ಕಚೇರಿಗೆ ಮುಟ್ಟುತ್ತದೆ. ನಾನು ಎರಡನೆಯದನ್ನೇ ಆರಿಸಿಕೊಂಡೆ.

"ಮೇಡಂ, ಹಾರ್ಮೋನು ನನ್ನ ಕೈಯಲ್ಲೇ ಇತ್ತು! ತುರಿಕೆಗೆ ಹಚ್ಚುವ ಟ್ಯೂಬು ಮೇಡಂ! ನನ್ನ ಡ್ರಾಯರಿನಲ್ಲಿ ಅರ್ಧ ಉಳಿದದ್ದು ಉಂಟು. ಸೂಜಿಯ ಮೊನೆಯಷ್ಟು ತೆಗೆದು ಕೋಶಗಳಿಗೆ ಹಾಕಿ ನೋಡಿ! ನಾನು ತೊಳೆದ ಬಾಟಲಿಯಲ್ಲೂ ಒಂದು ನೋಡಿ!"

ಹಿಂದೆ ಸ್ಟಾಂಪಿಗೆ ನಿಂತಿದ್ದವರೆಲ್ಲ ಸಾಲು ಬಿಟ್ಟು ನನ್ನ ಕಡೆಗೆ ತಿರುಗಿದ್ದರು. ಒಬ್ಬ ಹೆಂಗಸು ತನ್ನ ಪಕ್ಕದವಳಿಗೆ, "ಪಾಪ, ಕೈಗೆ ಎಂತದೋ ದೊಡ್ಡ ಕಾಯಿಲೆ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಗಾಳಿ ಮಳೆಯ ಸದ್ದಿನ ನಡುವೆ ಮೇಡಂ ಸ್ವರ ಬಂತು. "ನಾನೇ ಮಾಡಿ ನೋಡ್ತೀನಿ. ಅಲ್ಲೀವರೆಗೂ ಕುಣೀಬೇಡ."

ಕುಣಿಯದೇ ಇರುವುದು ಹೇಗೆಂದು ಅವರು ಹೇಳಿಕೊಡಲಿಲ್ಲ. ಆದರೆ ಬಸ್ಸು ಪುತ್ತೂರು ಮುಟ್ಟುವಷ್ಟರಲ್ಲಿ ನನಗೆ ಬೇರೊಂದು ಚಿಂತೆ ಹತ್ತಿತು. ನನ್ನ ಊಹೆ ತಪ್ಪಾದರೆ ಕೆಲಸ ಹೋಗುತ್ತದೆ. ಸರಿಯಾದರೆ ಅಪ್ಪನಿಗೆ ಹೇಳಬೇಕಾಗುತ್ತದೆ, ನೀವು ಪ್ರೀತಿಯಿಂದ ಕಳಿಸಿದ ಟ್ಯೂಬು ನನ್ನ ಆರು ತಿಂಗಳು ನುಂಗಿತು ಎಂದು. ಟೈಫಾಯ್ಡಿನ ಮಾತ್ರೆಯ ಸ್ಟ್ರಿಪ್ ಹಿಡಿದು ಊರಿಗೆಲ್ಲ ತೋರಿಸಿದ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು? ಹೇಳಲಿಲ್ಲ. ದಿನಾ ಅಪ್ಪನ ಜೊತೆ ಬಸ್ಸಿನಲ್ಲಿ ಪೇಟೆಗೆ ಬರುತ್ತಿದ್ದೆ. ಪೋಸ್ಟ್‌ಮ್ಯಾನ್ ದಾರಿಯ ಆ ತುದಿಯಲ್ಲಿ ಕಂಡರೆ ಸಾಕು, ಕೌಂಟರಿನಿಂದ ಕೆಳಗಿಳಿದು ಅರ್ಧ ದಾರಿ ಎದುರು ಹೋಗುತ್ತಿದ್ದೆ. ನಾಲ್ಕನೆಯ ದಿನದಿಂದ ಆತ ನನ್ನನ್ನು ಕಂಡರೆ ದೂರದಿಂದಲೇ ಇಲ್ಲವೆಂದು ತಲೆಯಾಡಿಸುತ್ತಿದ್ದ. ಅಪ್ಪ ಇದನ್ನೆಲ್ಲ ಗಮನಿಸಿ ಬೇರೆಯೇ ಅರ್ಥ ಮಾಡಿಕೊಂಡರು. "ಯಾರು ಮಗಾ ಬರೆಯುದು? ಒಳ್ಳೆಯ ಮನೆಯವನಾ?" ಎಂದು ಒಂದು ಸಂಜೆ ಬಸ್ಸಿನಲ್ಲಿ ಬಹಳ ನಯವಾಗಿ ಕೇಳಿದರು. "ಬರೆಯುವವರು ಮೇಡಂ ಅಪ್ಪ" ಎಂದರೆ ಅವರು ನಂಬಲಿಲ್ಲ.

ರಜೆಯ ಹನ್ನೆರಡನೆಯ ದಿನ ರಿಜಿಸ್ಟರ್ಡ್ ಲಕೋಟೆ ಬಂತು. ಅಪ್ಪನೇ ಕತ್ತರಿಯಲ್ಲಿ ಅಂಚು ಕತ್ತರಿಸಿಕೊಟ್ಟರು. ಎರಡು ರಟ್ಟಿನ ತುಂಡುಗಳ ನಡುವೆ ಒಂದು ಎಕ್ಸ್‌ರೇ ಫಿಲ್ಮ್. ಜೊತೆಗೆ ಮೇಡಂ ಅಕ್ಷರದಲ್ಲಿ ಒಂದು ಸಣ್ಣ ಕಾಗದ. ಒಂದನೆಯದು ಏನೂ ಹಾಕದ ತಟ್ಟೆ. ಎರಡನೆಯದು ನಮ್ಮ ಹಾರ್ಮೋನು. ಮೂರನೆಯದು ನಿನ್ನ ಟ್ಯೂಬು. ನಾಲ್ಕನೆಯದು ನೀನು ತೊಳೆದ ಬಾಟಲಿ. ನಿನ್ನ ಬಾಟಲಿಗಳನ್ನೆಲ್ಲ ಬಿಸಾಕಿದ್ದೇನೆ. ಕೆಲಸ ನಿನ್ನದೇ, ಬೇಗ ಬಾ.

ನಾನು ಫಿಲ್ಮನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದೆ. ಒಂದನೆಯ ಸಾಲು ಖಾಲಿ. ಎರಡರಲ್ಲಿ ಚುಕ್ಕೆ. ನಾಲ್ಕರಲ್ಲಿ ಮಸುಕಾದ, ಆದರೆ ಖಚಿತವಾದ ಚುಕ್ಕೆ. ಮೂರರಲ್ಲಿ, ದೇವರೇ, ಎರಡನೆಯದನ್ನೂ ಮೀರಿಸಿದ ಕಡುಕಪ್ಪು ಚುಕ್ಕೆ. ಕಿರುಚಿದೆ. ನಿಜವಾಗಿ ಕಿರುಚಿದೆ, ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನೋಡುವಷ್ಟು. ಅಪ್ಪನಿಗೂ ಎಂತದೆಂದು ಗೊತ್ತಾಗುವ ಮೊದಲೇ ಖುಷಿಯಾಯಿತು. "ಎಂತ ಮಗಾ, ಎಂತ?" ಎಂದು ನನ್ನ ಜೊತೆ ತಾವೂ ಕೌಂಟರಿನ ಒಳಗೆ, ಎರಡು ಶೆಲ್ಫಿನ ನಡುವಿನ ಆ ಒಂದಡಿ ಜಾಗದಲ್ಲಿ ಕುಣಿದರು. ಒಂದು ಕೆಂಪು ಸಿರಪ್ಪಿನ ಬಾಟಲಿ ಬಿದ್ದು ಒಡೆಯಿತು.

ಇನ್ನು ಹೇಳದೆ ಉಪಾಯವಿರಲಿಲ್ಲ. ಒಡೆದ ಗಾಜನ್ನು ಗುಡಿಸುತ್ತ, ಅಪ್ಪನ ಮುಖ ನೋಡದೆ ಎಲ್ಲವನ್ನೂ ಹೇಳಿದೆ.

ಅಪ್ಪ ಫಿಲ್ಮನ್ನು ತಾವೇ ಬೆಳಕಿಗೆ ಹಿಡಿದರು. "ಅಂದ್ರೆ ಮೂರನೆಯದು ನಮ್ಮ ಟ್ಯೂಬು?"

"ಹೌದಪ್ಪ."

"ಇವರ ಹಾರ್ಮೋನಿಗಿಂತ ನಮ್ಮದೇ ಜೋರು!" ಎಂದು ನಕ್ಕರು. ನನಗೆ ಹೋದ ಜೀವ ಬಂತು, ನಾನೂ ನಕ್ಕೆ. ಅವರಿಗೆ ನೋವಾಗಲಿಲ್ಲ, ಹೆಮ್ಮೆಯೇ ಆಗಿದೆ ಎಂದುಕೊಂಡೆ. ಆದರೆ ಅವರು ಫಿಲ್ಮನ್ನು ಕೆಳಗಿಡಲಿಲ್ಲ.

"ಎಷ್ಟು ಹಾಕಿದ್ದು ಇದಕ್ಕೆ?"

"ಸೂಜಿಯ ಮೊನೆಯಷ್ಟು."

"ಸೂಜಿಯ ಮೊನೆ" ಎಂದು ಅಪ್ಪ ಮೆಲ್ಲಗೆ ತಮಗೇ ಹೇಳಿಕೊಂಡರು. ನಕ್ಕ ಮುಖ ಹಾಗೆಯೇ ಇತ್ತು, ನಗು ಇರಲಿಲ್ಲ. "ಮನುಷ್ಯರ ಚರ್ಮದಲ್ಲಿ ಇರುದೂ ಇಂಥದ್ದೇ ಕೋಶ ಅಲ್ವಾ ಮಗಾ?"

"ಹೌದು."

"ಅವಕ್ಕೂ ಇದು ಗೊತ್ತಾಗ್ತದಾ?"

ಮುಂದೆ ನನ್ನ ಥೀಸಿಸ್ ನೋಡಿದ ಪರೀಕ್ಷಕರು ನನಗೆ ಎಷ್ಟೋ ಪ್ರಶ್ನೆ ಹಾಕಿದ್ದಾರೆ. ಇದನ್ನು ಯಾರೂ ಕೇಳಲಿಲ್ಲ. ನಾನೂ ಅಲ್ಲಿಯವರೆಗೆ ನನ್ನನ್ನು ಕೇಳಿಕೊಂಡಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ನನ್ನ ತಟ್ಟೆ, ನನ್ನ ಚುಕ್ಕೆ, ನನ್ನ ಕೆಲಸ. "ಗೊತ್ತಾಗ್ತದೆ ಅಪ್ಪ" ಎಂದೆ. "ಜಾಸ್ತಿ ದಿನ ಹಚ್ಚಿದ್ರೆ ಚರ್ಮ ತೆಳ್ಳಗಾಗ್ತದಂತೆ."

ಅಪ್ಪ ಮುಂದಿನ ಗಾಜಿನ ಪೆಟ್ಟಿಗೆಯಿಂದ ಆ ಟ್ಯೂಬುಗಳನ್ನೆಲ್ಲ ಒಂದೊಂದಾಗಿ ತೆಗೆದರು. ಒಳಗಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಅಷ್ಟರಲ್ಲಿ ಬಂದ ಗಿರಾಕಿಯೊಬ್ಬರು ಅದೇ ಟ್ಯೂಬು ಕೇಳಿದರು. "ಡಾಕ್ಟ್ರ ಚೀಟಿ ತನ್ನಿ" ಎಂದರು ಅಪ್ಪ. "ಎಂತ ಮಾರಾಯ್ರೆ, ಇಷ್ಟು ವರ್ಷ ಇಲ್ಲದ ಚೀಟಿ?" ಎಂದು ಅವರು ಮುಖ ಹುಳ್ಳಗೆ ಮಾಡಿಕೊಂಡು ಹೋದರು. ಅಪ್ಪ ಗಡಿಯಾರ ನೋಡಿ, ನಡು ಮಧ್ಯಾಹ್ನವೇ ಅಂಗಡಿಯ ಬಾಗಿಲು ಎಳೆದರು. ನನಗೆ ತಿಳಿದ ಮಟ್ಟಿಗೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು. "ನಿನ್ನ ಅಮ್ಮನಿಗೂ ಇದೇ ಟ್ಯೂಬು ನಾನೇ ಕೊಟ್ಟದ್ದು. ಮುಖ ಬೆಳ್ಳಗೆ ಆಗ್ತದೇಂತ. ನಾಲ್ಕು ವರ್ಷ ಆಯ್ತು, ದಿನಾ ಹಚ್ಚುತ್ತಾಳೆ."

ಅಮ್ಮ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದರು. ಹೊತ್ತಲ್ಲದ ಹೊತ್ತಿಗೆ ನಾವಿಬ್ಬರೂ ಬಂದದ್ದು ನೋಡಿ ಓಡಿ ಬಂದರು. ಬಿಸಿಲಿನಲ್ಲಿ ಅವರ ಕೆನ್ನೆಯನ್ನು ನಾನು ಅವತ್ತು ಮೊದಲ ಸಲ ಕಣ್ಣಿಟ್ಟು ನೋಡಿದೆ. ಎಲ್ಲರೂ ಹೊಗಳುತ್ತಿದ್ದ ಆ ಕೆಂಪಿನ ತುಂಬ ಕೂದಲೆಳೆಯಂಥ ಸಣ್ಣ ಸಣ್ಣ ರಕ್ತನಾಳಗಳು. ಅಪ್ಪ ನನ್ನ ಕಡೆ ನೋಡಿದರು. ನಾನೇ ಹೇಳಿದೆ. ಕೋಶ, ಜೀನ್, ಹಾರ್ಮೋನು, ಎಲ್ಲವನ್ನೂ ಆದಷ್ಟು ಸುಲಭ ಮಾಡಿ ಹೇಳಿದೆ. ಅಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫಿಲ್ಮನ್ನು ತೆಗೆದುಕೊಂಡರು. ಬಿಸಿಲಿಗೆ ಹಿಡಿದು ನಾಲ್ಕೂ ಸಾಲನ್ನು ಒಂದೊಂದಾಗಿ ನೋಡಿದರು.

"ಇದರಲ್ಲಿ ನಾನು ಯಾವುದು?" ಎಂದು ಕೇಳಿದರು.

ನಾನು ಮೂರನೆಯ ಚುಕ್ಕೆಯ ಮೇಲೆ ಬೆರಳಿಟ್ಟೆ.